ಹೌರಿಗ್ ಬೆಟ್ಟದ ಬೋಳು ಜಾಗ

“ಇಲ್ಲಿ ಹಿಮನದಿಯ ಭಾರ ಜಾಸ್ತಿ ಬಿದ್ದಿತ್ತು, ಅದಕ್ಕೇ ಹೀಗೆ” ಎಂದು ನೆವಿಲ್ ಸಂಟರ್ ಹೇಳಿದ. ಹೇಳಿದ ಕೂಡಲೇ ಆ ದನಿ ತನ್ನದಲ್ಲವೇನೋ ಅನ್ನಿಸಿತು. ಹನ್ನೊಂದು ವರ್ಷದಿಂದ ಪ್ರತಿ ಗುರುವಾರ ಜನರನ್ನು ಹೌರಿಗ್ ಬೆಟ್ಟಕ್ಕೆ ಕರೆದುಕೊಂಡು ಬಂದು, ಇದೇ ಜಾಗದಲ್ಲಿ ನಿಂತು, ಇದೇ ಮಾತನ್ನು ಹೇಳುತ್ತ ಬಂದಿದ್ದ. ನೆತ್ತಿ ಇನ್ನೂ ಕಾಲುಗಂಟೆ ದೂರ ಇರುವಾಗ ಸುಣ್ಣಕಲ್ಲಿನ ಹಾಸು ಶುರುವಾಗುತ್ತದೆ. ಬೂದುಬಿಳಿ ಚಪ್ಪಡಿಗಳು, ಅವುಗಳ ನಡುವೆ ಸೊಂಟದಷ್ಟು ಆಳದ ಸಂದುಗಳು, ಸಂದುಗಳ ತಳದಲ್ಲಿ ಗಾಳಿ ತಾಗದೆ ಬೆಳೆದ ಜರಿಗಿಡಗಳು. ಹನ್ನೆರಡು ಸಾವಿರ ವರ್ಷದ ಮಳೆ ಒಂದೊಂದೇ ಹನಿಯಾಗಿ ಬಿದ್ದು ಕೊರೆದದ್ದು ಎಂದು ಅವನು ಹೇಳಿದಾಗ ಜನ ಬಗ್ಗಿ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಆಮೇಲೆ ಪಡುವಣ ಅಂಚಿಗೆ ಬಂದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ಇಷ್ಟು ಜಾಗ ಮಾತ್ರ ಯಾಕೆ ಬೋಳು ಎಂದು. ಅಲ್ಲಿ ಸಂದುಗಳಿಲ್ಲ, ಜರಿಗಿಡವಿಲ್ಲ. ಚರ್ಮ ಸುಲಿದ ಹಾಗೆ ಸಪಾಟಾದ ಕಲ್ಲು, ಅದರ ಮೇಲೆ ಕುರಿಗಳ ಹಿಕ್ಕೆ. ಇವತ್ತು ಕೇಳಿದವರು ಕೆಂಪು ಟೋಪಿಯ ನಿವೃತ್ತ ಮೇಷ್ಟ್ರು. ಉತ್ತರ ಕೇಳಿ ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಂಡರು. ಆ ಬರೆದುಕೊಳ್ಳುವುದನ್ನು ನೋಡಲಾಗದೆ ನೆವಿಲ್ ಮುಖ ತಿರುಗಿಸಿ ಕಣಿವೆಯ ಕಡೆ ನೋಡಿದ. ಮೇ ತಿಂಗಳ ಬಿಸಿಲು ಬಿದ್ದ ಇಳಿಜಾರಿನಲ್ಲಿ ಕಲ್ಲುಗೋಡೆಗಳು, ಗೋಡೆಗಳ ನಡುವೆ ತಾಯಿಯನ್ನು ಕಳೆದುಕೊಂಡು ಅರಚುವ ಮರಿಗಳು. ಎಪ್ಪತ್ತೆರಡು ವರ್ಷದ ತಾನು ಇನ್ನೂ ಎಷ್ಟು ಗುರುವಾರ ಹೀಗೆ ಬದುಕಿರುತ್ತೇನೆ ಎಂದು ಯೋಚಿಸಿದ. ಸಾಯುವುದಕ್ಕಿಂತ ಆ ಮೇಷ್ಟ್ರ ಪುಸ್ತಕದಲ್ಲಿ ತನ್ನ ಮಾತು ಉಳಿದುಬಿಡುವುದು ಹೆಚ್ಚು ಅಸಹ್ಯವೆನ್ನಿಸಿತು.

ಇಳಿದು ಬಂದಾಗ ಮಿಸೆಸ್ ಬ್ರಾಡ್‌ಬೆಂಟ್ ಕೆಳಗಿನ ಬೆಂಚಿನ ಮೇಲೇ ಕೂತಿದ್ದರು. ಮೊಣಕಾಲು ಕೈಕೊಟ್ಟದ್ದರಿಂದ ಅವರು ಅರ್ಧ ದಾರಿಯಿಂದ ಮುಂದೆ ಬಂದಿರಲಿಲ್ಲ. ಎರಡು ಊರುಗೋಲು, ಇಸ್ತ್ರಿ ಮಾಡಿದ ಪ್ಯಾಂಟು, ಎಂಬತ್ತು ದಾಟಿದ ನೆಟ್ಟಗಿನ ಬೆನ್ನು. ಆ ಬೆನ್ನು ಒರಗಿದ್ದು ಹಿತ್ತಾಳೆಯ ತಗಡಿಗೆ. ಅದರ ಮೇಲೆ ಬರೆದಿತ್ತು: ಅಮೋಸ್ ಸಂಟರ್, ಈ ಬೆಟ್ಟವನ್ನು ಪ್ರೀತಿಸಿದವನು. ನೆವಿಲ್‌ನ ಅಪ್ಪ. ಬೆಂಚು ಹಾಕಿಸಿದ್ದು ಅಕ್ಕ ಡೋರೀನ್. ಬೇರೆಯವರು ಬಸ್ಸಿನ ಕಡೆ ಹೋದ ಮೇಲೆ ಮಿಸೆಸ್ ಬ್ರಾಡ್‌ಬೆಂಟ್ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ಇಲ್ಕ್ಲಿ ಪಟ್ಟಣದ ತಮ್ಮ ಮನೆಯ ಹಿತ್ತಿಲಲ್ಲಿ ಇಂಥದೇ ಕಲ್ಲುಗಳಿವೆ ಎಂದರು. ಗಂಡ ತೋಟಕ್ಕೆಂದು ತರಿಸಿದ್ದಂತೆ, ಎಪ್ಪತ್ತಮೂರನೇ ಇಸವಿಯಲ್ಲಿ. ಗಂಡ ಈಗಿಲ್ಲ. ಮನೆ ಮಾರಿಯಾಗಿದೆ. ಕೊಂಡವರು ಕಾರು ನಿಲ್ಲಿಸುವುದಕ್ಕೆ ಹಿತ್ತಿಲನ್ನು ಮಟ್ಟ ಮಾಡಿಸುತ್ತಾರೆ, ಸೋಮವಾರ ಯಂತ್ರ ಬಂದು ಎಲ್ಲವನ್ನೂ ಒಡೆದು ಜಲ್ಲಿ ಮಾಡುತ್ತದೆ. ಅದಕ್ಕೇ ಅವುಗಳ ಮೂಲ ಒಂದು ಸಲ ನೋಡೋಣವೆಂದು ಬಂದೆ, ಮೊಣಕಾಲು ಬಿಡಲಿಲ್ಲ ಎಂದು ನಕ್ಕರು. “ಒಂದು ಕಲ್ಲಿನ ಮಧ್ಯೆ ಗುಣಿ ಇದೆ, ಮಗುಗೆ ಸ್ನಾನ ಮಾಡಿಸೋ ಬೋಗುಣಿ ಥರ. ಹಕ್ಕಿಗಳು ನೀರು ಕುಡಿಯಕ್ಕೆ ಬರ್ತವೆ. ಅದೊಂದು ಹೋಗತ್ತಲ್ಲ ಅಂತ ಬೇಜಾರು.” ನೆವಿಲ್ ಹೌದೇ ಎಂದ.

ಆ ಗುಣಿಯಲ್ಲಿ ಅಪ್ಪ ಮುಖ ತೊಳೆಯುತ್ತಿದ್ದ. ಕಲ್ಲು ಇನ್ನೂ ಬೆಟ್ಟದ ಮೇಲಿದ್ದಾಗ, ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು, ಮಳೆನೀರು ತುಂಬಿದ ಆ ಗುಣಿಗೆ ಬಗ್ಗಿ, ಟೋಪಿ ತೆಗೆದು, ಎರಡೂ ಕೈಯಲ್ಲಿ ನೀರೆತ್ತಿ ಮುಖಕ್ಕೆ ಹಾಕಿಕೊಂಡು ಹಾ ಎನ್ನುತ್ತಿದ್ದ. ಆಮೇಲೆ ತೋಟಗಳಿಗೆ ಮಾರುವ ಚಪ್ಪಡಿ ಕೀಳಲು ಹಾರೆ ತೆಗೆದುಕೊಳ್ಳುತ್ತಿದ್ದ. ಹಾರೆಯ ಮೊನೆ ಸಂದಿಗೆ ಹೋಗಬೇಕಾದರೆ ಮೊದಲು ಜರಿಗಿಡ ಕೀಳಬೇಕು. ಕಿತ್ತು ಪಕ್ಕಕ್ಕೆಸೆದ ಗಿಡಗಳು ಮಧ್ಯಾಹ್ನದ ಹೊತ್ತಿಗೆ ಕಪ್ಪಾಗಿ ಮುದುಡಿಕೊಳ್ಳುತ್ತಿದ್ದವು. ಬೆಣೆ ಇಟ್ಟು, ಸುತ್ತಿಗೆ ಬೀಸಿ, ಇಬ್ಬರೂ ಹಾರೆಯ ಮೇಲೆ ಮೈಭಾರ ಹಾಕಿದಾಗ ಚಪ್ಪಡಿ ತಳದಿಂದ ಬಿಡುವ ಸದ್ದು, ದವಡೆಹಲ್ಲು ಕಿತ್ತ ಹಾಗೆ, ಹೊಟ್ಟೆಯೊಳಗೆ ಕೇಳುತ್ತಿತ್ತು. ಇಪ್ಪತ್ತೊಂದರ ಅವನಿಗೆ ಆ ಸದ್ದು ಇಷ್ಟವಾಗಿತ್ತು, ಅದನ್ನು ಈಗ ಯಾರಿಗೆ ಹೇಳುವುದು. ತೋಳು ಗಟ್ಟಿಯಾಗಿದ್ದವು. ಅಪ್ಪ ಅವನ ಬೆನ್ನು ತಟ್ಟುತ್ತಿದ್ದ. ಅವನು ಒಂದೇ ಒಂದು ಸಲ, ಇದು ಮತ್ತೆ ಬೆಳೆಯುತ್ತದೆಯೇ ಎಂದು ಕೇಳಿದ್ದ. ಕಲ್ಲು ಬೆಳೆಯುವುದೇನು, ಪ್ರಪಂಚ ಮುಗಿದರೂ ಮುಗಿಯದಷ್ಟಿದೆ ಎಂದು ಅಪ್ಪ ಕೈಬೀಸಿ ತೋರಿಸಿದ್ದ. ಆ ಬೀಸಿದ ಕೈಯೊಳಗೆ ಆಗ ಇಡೀ ಬೆಟ್ಟ ಹಿಡಿದಿತ್ತು. ಆಗ ಅದು ಅಪರಾಧವಾಗಿರಲಿಲ್ಲ, ಕಾನೂನು ಬಂದದ್ದು ಎಷ್ಟೋ ವರ್ಷದ ಮೇಲೆ. ಅದೇ ನೆವಿಲ್‌ನ ಕಷ್ಟ. ಅಪರಾಧವಾಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು, ಶಿಕ್ಷೆಯಾಗುತ್ತಿತ್ತು, ಮುಗಿಯುತ್ತಿತ್ತು. ಶಿಕ್ಷೆಯಿಲ್ಲದ ತಪ್ಪನ್ನು ಯಾರ ಮುಂದೆ ಇಡುವುದು? ಅವನು ಬೆಟ್ಟಕ್ಕೆ ಕಾವಲುಗಾರನಾದ. ಬಿಟ್ಟಿ ಕೆಲಸ, ಹಸಿರು ಕೋಟು, ಎದೆಯ ಮೇಲೆ ಹೆಸರಿನ ಬಿಲ್ಲೆ. ಜನರು ಜರಿಗಿಡಕ್ಕೆ ಕೈ ಹಾಕಿದರೆ ಗದರುವ ಅಧಿಕಾರ. ಬಸ್ಸು ಹೊರಟುಹೋದ ಮೇಲೂ ಅವನು ಬೆಂಚಿನ ಪಕ್ಕದಲ್ಲೇ ನಿಂತಿದ್ದ. ಆ ಕಲ್ಲನ್ನು ಜಲ್ಲಿಯಾಗಲು ಬಿಡುವುದಿಲ್ಲ ಎಂದು ಅಲ್ಲೇ ನಿರ್ಧಾರವಾಯಿತು. ನಿರ್ಧಾರ ಮಾಡಿದೆ ಎನ್ನುವಂತಿರಲಿಲ್ಲ, ಮೊದಲೇ ಆಗಿಹೋಗಿದ್ದ ನಿರ್ಧಾರವೊಂದು ಈಗ ಕಣ್ಣಿಗೆ ಬಿದ್ದಂತಿತ್ತು.

ಮಾರನೆಯ ದಿನ ಟ್ರೇಲರ್ ಕೇಳಲು ಡೋರೀನಳ ಮನೆಗೆ ಹೋದ. ಅವಳ ಗಂಡ ಸತ್ತಮೇಲೂ ಟ್ರೇಲರ್ ಶೆಡ್ಡಿನಲ್ಲಿಯೇ ಇತ್ತು. ಅವಳು ಅಡಿಗೆಮನೆಯ ಮೇಜಿನ ಮೇಲೆ ಹಿಟ್ಟು ಲಟ್ಟಿಸುತ್ತಿದ್ದಳು, ಪಕ್ಕದಲ್ಲಿ ಹೆಚ್ಚಿದ ರೂಬಾರ್ಬಿನ ಹುಳಿ ದಂಟು. ಯಾಕೆ ಬೇಕು ಎಂದು ಕೇಳಿದಳು, ಅವನು ಹೇಳಿದ. ಲಟ್ಟಣಿಗೆ ನಿಂತಿತು. ಕಲ್ಲು ತಂದು ಏನು ಮಾಡುತ್ತೀಯ ಎಂದಳು. ಎಲ್ಲಿಂದ ಕಿತ್ತೆವೋ ಅಲ್ಲಿಡುತ್ತೇನೆ, ಜನರಿಗೆ ಹೇಳುತ್ತೇನೆ ಎಂದ. ಏನಂತ ಹೇಳುತ್ತೀಯ? ಆ ಜಾಗ ಬೋಳು ಮಾಡಿದ್ದು ಹಿಮವಲ್ಲ, ನಾವು ಅಂತ. ಅವಳು ಹಿಟ್ಟಿನ ಕೈಯನ್ನು ಒರೆಸಿಕೊಳ್ಳದೆ ಅವನನ್ನೇ ನೋಡಿದಳು. ಎಪ್ಪತ್ತೈದರ ಆ ಮುಖದಲ್ಲಿ ಅಪ್ಪನ ಗಲ್ಲವಿತ್ತು, ಅದನ್ನು ಅವನು ಯಾವಾಗಲೂ ಸ್ವಲ್ಪ ಹೆದರಿಕೆಯಿಂದಲೇ ನೋಡುತ್ತಿದ್ದ.

“ಅಪ್ಪ ಸತ್ತು ಮೂವತ್ತು ವರ್ಷ ಆಯ್ತು ಕಣೋ,” ಎಂದಳು. “ಊರವರೆಲ್ಲ ಆ ಬೆಂಚಿನ ಮೇಲೆ ಕೂತ್ಕೊಂಡು ಸ್ಯಾಂಡ್‌ವಿಚ್ ತಿಂತಾರೆ. ಅವರಿಗೆ ಅಪ್ಪ ಅಂದ್ರೆ ಅಷ್ಟೇ. ಅಷ್ಟಾದ್ರೂ ಇರ್ಲಿ ಬಿಡು.”

“ಸುಳ್ಳಿನ ಮೇಲೆ ಕೂತ್ಕೊಂಡು ತಿಂತಾರೆ.”

“ಪ್ರೀತಿಸಿದ್ದ ಅಂತ ಬರೆಸಿದೀನಿ. ಅದು ಸುಳ್ಳಾ?”

ಅದು ಸುಳ್ಳಾಗಿರಲಿಲ್ಲ. ಅಪ್ಪನಿಗೆ ಕರ್ಲ್ಯೂ ಹಕ್ಕಿಯ ಕೂಗು ಕೇಳಿದರೆ ಕೆಲಸ ನಿಂತುಹೋಗುತ್ತಿತ್ತು. ಹಾರೆ ಹಿಡಿದ ಕೈ ಹಾಗೇ ಇರುತ್ತಿತ್ತು, ಕೂಗು ಮುಗಿಯುವ ತನಕ. ಆಮೇಲೆ ಮತ್ತೆ ಒತ್ತುತ್ತಿದ್ದ. ಒಂದೇ ಮನುಷ್ಯನಲ್ಲಿ ಎರಡೂ ಹೇಗಿತ್ತೆಂದು ನೆವಿಲ್‌ಗೆ ಇವತ್ತಿಗೂ ಅರ್ಥವಾಗಿಲ್ಲ. ತನ್ನಲ್ಲಿ ಹೇಗಿದೆಯೆಂದೂ ಅರ್ಥವಾಗಿಲ್ಲ. ಡೋರೀನ್ ಕೊನೆಗೆ ಶೆಡ್ಡಿನ ಬೀಗದ ಕೈಯನ್ನು ಮೇಜಿನ ಮೇಲೆ ಹಾಕಿದಳು. ಟ್ರೇಲರ್ ತಗೋ, ಆದರೆ ಅಪ್ಪನ ಹೆಸರನ್ನು ಬೀದಿಗೆ ತಂದೆಯೋ ಭಾನುವಾರದ ಊಟಕ್ಕೆ ಇಲ್ಲಿಗೆ ಬರಬೇಡ ಎಂದಳು. ದನಿ ಏರಿಸಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನು ಒಂದು ಭಾನುವಾರವೂ ತಪ್ಪದೆ ಉಣ್ಣುತ್ತಿದ್ದುದು ಆ ಮೇಜಿನ ಮೇಲೇ. ಅವನು ಬೀಗದ ಕೈ ತೆಗೆದುಕೊಂಡ.

ಶನಿವಾರ ಇಲ್ಕ್ಲಿಗೆ ಹೊರಟಾಗ ದಾರಿ ಮರೆತಿರಲಿಲ್ಲ. ಎಪ್ಪತ್ತಮೂರರಲ್ಲಿ ಲಾರಿಯ ಹಿಂದೆ, ಹಗ್ಗ ಬಿಗಿದ ಕಲ್ಲುಗಳ ಮೇಲೆ ಕೂತು, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಹೋಗಿದ್ದ. ಎತ್ತರದ ಮನೆಗಳು, ಗೇಟಿನ ಮೇಲೆ ಹೆಸರುಗಳು. ಕಲ್ಲು ಇಳಿಸಿ ಜೋಡಿಸಲು ಇಡೀ ದಿನ ಹಿಡಿದಿತ್ತು. ಮಧ್ಯಾಹ್ನ ಹಿತ್ತಿಲ ಬಾಗಿಲಿಗೆ ಹೋಗಿ ಬಾತ್‌ರೂಮಿಗೆ ಹೋಗಬಹುದೇ ಎಂದು ಕೇಳಿದಾಗ, ಬಿಳಿ ಕಾಲರಿನ ನೀಲಿ ಫ್ರಾಕಿನ ಹೆಂಗಸು ಅವನ ಬೂಟನ್ನು ನೋಡಿ, ಗ್ಯಾರೇಜಿನ ಹಿಂದೆ ಪೊದೆಯಿದೆ ಎಂದಿದ್ದಳು. ನಗುನಗುತ್ತಲೇ ಹೇಳಿದ್ದಳು. ಅವನು ಆ ಪೊದೆಯ ಹಿಂದೆ ನಿಂತು, ಕಿಟಕಿಯಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕತ್ತು ತಿರುಗಿಸುತ್ತ, ಉಚ್ಚೆ ಬರದೆ ಎಷ್ಟೋ ಹೊತ್ತು ಒದ್ದಾಡಿದ್ದ. ಐವತ್ತು ವರ್ಷವಾದರೂ ಆ ನಗು ನೆನಪಾದರೆ ಕಿವಿ ಬಿಸಿಯಾಗುತ್ತದೆ. ಬೆಟ್ಟ ಕಿತ್ತದ್ದಕ್ಕೆ ಕಿವಿ ಬಿಸಿಯಾಗಲು ಮಾತ್ರ ಎಷ್ಟೋ ವರ್ಷ ಹಿಡಿಯಿತು. ಈಗ ಗೇಟು ತೆರೆದ ಅದೇ ಹೆಂಗಸು, ಮಿಸೆಸ್ ಬ್ರಾಡ್‌ಬೆಂಟ್ ಅವನನ್ನು ಗುರುತಿಸಿ, ಬೆಟ್ಟದ ಗೈಡಲ್ಲವೇ ಎಂದು ಆಶ್ಚರ್ಯಪಟ್ಟರು. ಒಳಗೆ ಬನ್ನಿ, ಟೀ ಮಾಡುತ್ತೇನೆ ಎಂದರು. ಅವನು ಒಳಗೆ ಹೋಗಲಿಲ್ಲ. ಹಿತ್ತಿಲಿನ ಹಾದಿಯಲ್ಲೇ ನಿಂತು, ಟೋಪಿಯನ್ನು ಕೈಯಲ್ಲಿ ಹಿಡಿದು, ಎಲ್ಲವನ್ನೂ ಹೇಳಿದ. ಆ ಗುಣಿಯ ಕಲ್ಲನ್ನು ಕಿತ್ತದ್ದು ನಾನು ಮತ್ತು ಅಪ್ಪ, ತಂದು ಇಲ್ಲಿ ಕೂರಿಸಿದ್ದೂ ನಾವೇ, ಆ ಜಾಗ ಬೋಳಾದದ್ದು ಹಿಮದಿಂದ ಎಂದು ಜನರಿಗೆ ಹೇಳುತ್ತ ಬಂದದ್ದು ಸುಳ್ಳು, ಅದನ್ನು ನನಗೆ ವಾಪಸ್ಸು ಕೊಡಿ. ಪೊದೆಯ ವಿಷಯ ಹೇಳಲಿಲ್ಲ. ಹೇಳಿಬಿಟ್ಟರೆ ತನ್ನ ತಪ್ಪೊಪ್ಪಿಗೆ ಅವರ ಮೇಲಿನ ದೂರು ಆಗಿಬಿಡುತ್ತದೆ ಅನ್ನಿಸಿತು.

ಅವರು ಊರುಗೋಲಿನಿಂದ ಕಲ್ಲಿನ ಮೇಲಿನ ಪಾಚಿಯನ್ನು ಮೆಲ್ಲಗೆ ಕೆದಕಿದರು. “ಇದು ತಾನಾಗಿ ಬಂದ ಪಾಚಿ ಅಂದ್ಕೊಂಡ್ರಾ? ಬಂದ ವಾರದಲ್ಲೇ ಹುಳಿಮೊಸರು ಬಳಿದ್ವಿ. ಬೇಗ ಪಾಚಿ ಹಿಡಿದು ಹಳೇದಾಗಿ ಕಾಣ್ಲಿ ಅಂತ. ಪೇಪರ್ನಲ್ಲಿ ಯಾರೋ ಬರೆದಿದ್ರು, ಬೆಟ್ಟ ಲೂಟಿ ಮಾಡ್ತಿದಾರೆ, ಕೊಳ್ಳೋರಿಗೂ ನಾಚಿಕೆಯಾಗ್ಬೇಕು ಅಂತ. ನನ್ನ ಯಜಮಾನ್ರು ಆ ಪೇಪರ್‌ನ ಬೆಂಕಿಗೆ ಹಾಕಿದ್ರು. ನಾನು ಪಾಟ್ ತುಂಬ ಮೊಸರು ತಗೊಂಡ್ಹೋಗಿ ಬ್ರಷ್ಷಲ್ಲಿ ಬಳಿದೆ.” ಆಮೇಲೆ ಅವನ ಕಡೆ ತಿರುಗಿ, ಮೊನ್ನೆ ಬೆಂಚಿನ ಮೇಲೆ ಕೂತಾಗ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಅಷ್ಟು ಧೈರ್ಯ ಬರಲು ಎರಡು ದಿನ ಬೇಕಾಯಿತು ಎಂದ. ನನಗೆ ಇಷ್ಟು ವರ್ಷ ಬೇಕಾಯಿತು, ನೀವೇ ಬೇಗ ಎಂದರು ಅವರು. ನಗಲಿಲ್ಲ.

ಕಲ್ಲಿನ ತೂಕ ಇಬ್ಬರು ಗಂಡಸರನ್ನು ಒಟ್ಟಿಗೆ ತೂಗಿದಷ್ಟಿತ್ತು. ನೆವಿಲ್ ಎರಡು ಹಲಗೆ, ನಾಲ್ಕು ಕಬ್ಬಿಣದ ಪೈಪು, ಕೈಯಲ್ಲಿ ತಿರುಗಿಸುವ ರಾಟೆ, ಹಾರೆ ತಂದಿದ್ದ. ಹಾರೆ ಅದೇ ಹಳೆಯದು. ಮೊನೆ ಕಲ್ಲಿನಡಿಗೆ ಹೋದಾಗ ಕೈಗಳು ಅವನನ್ನು ಕೇಳದೆಯೇ ಕೆಲಸ ಶುರುಮಾಡಿದವು, ಎಲ್ಲಿ ಒತ್ತಬೇಕು, ಎಲ್ಲಿ ಕಾಯಬೇಕು, ಯಾವಾಗ ಪೈಪು ತಳ್ಳಬೇಕು. ಮರೆಯಬೇಕೆಂದು ಇಷ್ಟು ವರ್ಷ ಪ್ರಯತ್ನಿಸಿದ್ದನ್ನು ಮೈ ಒಂದಿಷ್ಟೂ ಬಿಡದೆ ಇಟ್ಟುಕೊಂಡಿತ್ತು; ಅದಕ್ಕೆ ಅವನಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು. ಒಂದೊಂದು ಗೇಣು ಸರಿದ ಮೇಲೂ ಕೂತು ಉಸಿರು ತೆಗೆದುಕೊಂಡ. ಎದೆ ಬಡಿದುಕೊಳ್ಳುತ್ತಿತ್ತು. ಮಿಸೆಸ್ ಬ್ರಾಡ್‌ಬೆಂಟ್ ಒಂದು ಊರುಗೋಲನ್ನು ಹಲಗೆಗೆ ಅಡ್ಡಲಾಗಿ ಒತ್ತಿ ಹಿಡಿದುಕೊಂಡು, ಡಾಕ್ಟರನ್ನು ಕರೆಯಬೇಕೇ ಎಂದು ಎರಡು ಸಲ ಕೇಳಿದರು. ಮೂರನೆಯ ಸಲ ಕೇಳಲಿಲ್ಲ. ಹಲಗೆ ಜಾರದಂತೆ ಇನ್ನಷ್ಟು ಗಟ್ಟಿಯಾಗಿ ಒತ್ತಿದರು. ಮಧ್ಯಾಹ್ನ ಮೂರರ ಹೊತ್ತಿಗೆ ಕಲ್ಲು ಟ್ರೇಲರಿನ ಮೇಲಿತ್ತು. ಅವನು ಕೈ ನೋಡಿಕೊಂಡ, ಅಂಗೈಯ ಚರ್ಮ ಎರಡು ಕಡೆ ಎದ್ದಿತ್ತು.

ಭಾನುವಾರ ಅವನು ಸಂರಕ್ಷಣಾ ಕಚೇರಿಯ ಸಾಯಿರಾಗೆ ಫೋನು ಮಾಡಿದ. ಬ್ರಾಡ್‌ಫರ್ಡಿನ ಹುಡುಗಿ, ಮೂವತ್ತರ ಒಳಗೆ, ಈ ಸೀಮೆಯ ಎಲ್ಲ ಕಲ್ಲುಹಾಸುಗಳನ್ನೂ ಈ ವರ್ಷ ಅಳೆದು ವರದಿ ಮಾಡುವುದು ಅವಳ ಕೆಲಸ. ರಜೆಯ ದಿನ ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ, ಕಲ್ಲನ್ನು ಮೇಲಕ್ಕೆ ಸಾಗಿಸಲು ಟ್ರ್ಯಾಕ್ಟರು ಬಿಡುತ್ತೀರಾ ಎಂದು ಕೇಳಿದ. ಅವಳು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು, ಆಗುವುದಿಲ್ಲ ಎಂದಳು. ಅದು ಈಗ ರಕ್ಷಿತ ಜಾಗ. ಅಲ್ಲಿಂದ ಒಂದು ಚೂರನ್ನೂ ತೆಗೆಯುವ ಹಾಗಿಲ್ಲ, ಹೊರಗಿನ ಒಂದು ಚೂರನ್ನೂ ಇಡುವ ಹಾಗಿಲ್ಲ. ತೋಟದ ಮಣ್ಣು, ತೋಟದ ಕಳೆಯ ಬೀಜ ಅದರ ಜೊತೆ ಬಂದಿರುತ್ತದೆ. ಅದು ಹೊರಗಿನದಲ್ಲ, ಅಲ್ಲಿಯದೇ ಎಂದು ಅವನು ವಾದಿಸಿದ. ಐವತ್ತು ವರ್ಷ ಹೊರಗಿತ್ತಲ್ಲ ನೆವಿಲ್, ಎಂದಳು. ಆಮೇಲೆ, ಕಿತ್ತ ಕಲ್ಲು ಕೂರುವುದಿಲ್ಲ, ಕೆಳಗಿನ ಬುಡ ಇಷ್ಟು ವರ್ಷದ ಮಳೆಗೆ ಬೇರೆಯೇ ಆಗಿರುತ್ತದೆ, ಇಟ್ಟರೂ ಸುಮ್ಮನೆ ಇಟ್ಟ ಹಾಗಿರುತ್ತದೆ ಎಂದಳು. ಅವನು ಫೋನು ಹಿಡಿದುಕೊಂಡೇ ಕಿಟಕಿಯಿಂದ ಅಂಗಳದ ಟ್ರೇಲರನ್ನು ನೋಡಿದ. ಗುಣಿಯಲ್ಲಿ ರಾತ್ರಿಯ ಮಳೆ ನಿಂತಿತ್ತು. ಇದಕ್ಕೋಸ್ಕರವೇ ಅಷ್ಟೆಲ್ಲ ಮಾಡಿ ಸೋತೆನಲ್ಲ ಅನ್ನಿಸಿತು. ಆ ಸೋಲಿನ ಅಡಿಯಲ್ಲಿಯೇ ಏನೋ ಗಟ್ಟಿಯಾದದ್ದು ಕಾಲಿಗೆ ಸಿಕ್ಕಿತು. ನಿಮ್ಮ ವರದಿಯಲ್ಲಿ ಆ ಬೋಳು ಜಾಗದ ಬಗ್ಗೆ ಏನು ಬರೆದಿದ್ದೀರಿ ಎಂದು ಕೇಳಿದ. ಕಾರಣ ತಿಳಿದಿಲ್ಲ ಅಂತ, ಎಂದಳು. ತಿಳಿದವನು ನಾನಿದ್ದೇನೆ, ಮಂಗಳವಾರ ಬನ್ನಿ, ಎಂದ. ಆಮೇಲೆ ಡೋರೀನಳಿಗೂ ಫೋನು ಮಾಡಿ ಮಂಗಳವಾರ ಅಪ್ಪನ ಹೆಸರು ಬರೆಸುತ್ತೇನೆ ಎಂದು ಹೇಳಿದ. ಆಯಿತು, ಎಂದು ಇಟ್ಟುಬಿಟ್ಟಳು. ಅವನು ಬೀನ್ಸಿನ ಡಬ್ಬಿ ಒಡೆದು ಒಂಟಿಯಾಗಿ ಊಟ ಮಾಡಿದ. ಪಾತ್ರೆಯಲ್ಲಿ ಚಮಚ ತಾಗುವ ಸದ್ದು ಅಷ್ಟು ಜೋರಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಮಂಗಳವಾರ ಗಾಳಿ ಇತ್ತು; ಗುಣಿಯ ಕಲ್ಲು ಅಂಗಳದ ಟ್ರೇಲರಿನ ಮೇಲೇ ಉಳಿದಿತ್ತು. ಸಾಯಿರಾ ಅಳತೆಯ ಟೇಪು, ಹಾಳೆ ಸಿಕ್ಕಿಸಿದ ಹಲಗೆ ಹಿಡಿದು ಬೋಳು ಜಾಗದ ಅಂಚಿನಲ್ಲಿ ಕಾದಿದ್ದಳು. ಕಾರಣದ ಸಾಲಿನಲ್ಲಿ ‘ತೋಟಗಳಿಗಾಗಿ ಕಲ್ಲು ತೆಗೆದದ್ದು’ ಎಂದು ಬರೆದು, ಯಾರು ಎಂದು ಕೇಳಿದಳು. ಅವನು ತನ್ನ ಹೆಸರು ಹೇಳಿದ. ಅವಳು ಬರೆದುಕೊಂಡು, ಇಷ್ಟು ಸಾಕು, ತೀರಿಕೊಂಡವರ ಹೆಸರು ಬೇಡವೆಂದರೆ ಬಿಡಬಹುದು, ಕಾಗದಕ್ಕೆ ಒಬ್ಬರಿದ್ದರೆ ಆಯಿತು ಎಂದಳು. ದಾರಿ ಎಷ್ಟು ಸುಲಭವಾಗಿ ತೆರೆದುಕೊಂಡಿತು. ಅಪ್ಪನನ್ನು ಬಿಟ್ಟುಬಿಡಬಹುದು, ಬೆಂಚು ಉಳಿಯುತ್ತದೆ, ಭಾನುವಾರ ಉಳಿಯುತ್ತದೆ. ಎಲ್ಲ ಹೊರೆಯನ್ನೂ ತಾನೊಬ್ಬನೇ ಹೊತ್ತ ಮಗನಾಗಬಹುದು. ಆ ಮಗ ಅವನಿಗೆ ಇಷ್ಟವೂ ಆದ. ಇಷ್ಟವಾಯಿತೆಂದೇ ಅನುಮಾನ ಬಂತು. ಒಬ್ಬನಿಂದ ಆ ಚಪ್ಪಡಿಗಳು ಏಳುತ್ತಿರಲಿಲ್ಲ. ಹಾರೆಯ ಮೇಲೆ ಎರಡು ಮೈ ಬೀಳಬೇಕಿತ್ತು. ಹಿಮದ ಸುಳ್ಳನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದಕ್ಕೆ ಇಲ್ಲಿಗೆ ಬಂದಿದ್ದಲ್ಲ. “ಅಮೋಸ್ ಸಂಟರ್ ಅಂತ ಬರೀರಿ,” ಎಂದ. “ನಮ್ಮಪ್ಪ. ಇಬ್ಬರೂ. ಎಪ್ಪತ್ತೊಂದರಿಂದ ಎಪ್ಪತ್ನಾಲ್ಕರ ತನಕ.” ಅವಳು ಬರೆಯುತ್ತಿದ್ದಾಗ ಟೇಪಿನ ತುದಿ ಹಿಡಿದು ಅವನು ಅಂಚಿನ ಉದ್ದಕ್ಕೂ ನಡೆದ, ಇಲ್ಲಿ ಮೊದಲು, ಇಲ್ಲಿ ಆ ಬೇಸಿಗೆ, ಇಲ್ಲಿ ಬೆಣೆ ಮುರಿದದ್ದು ಎಂದು ಒಂದೊಂದನ್ನೇ ತೋರಿಸುತ್ತ. ಮಾತು ತಡವರಿಸಲಿಲ್ಲ.

ಕೆಳಗಿನ ಗೇಟಿನ ಸದ್ದಾಯಿತು. ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿಕೊಂಡು, ಗಾಳಿಗೆ ತಲೆವಸ್ತ್ರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಡೋರೀನ್ ಹತ್ತಿ ಬರುತ್ತಿದ್ದಳು. ಅವಳು ಈ ಬೆಟ್ಟ ಹತ್ತಿ ಎಷ್ಟು ವರ್ಷವಾಗಿತ್ತೋ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಜಗಳಕ್ಕೆ ಬಂದಳೆಂದು ನೆವಿಲ್ ಟೇಪನ್ನು ಬಿಗಿಯಾಗಿ ಹಿಡಿದುಕೊಂಡ. ಅವಳು ಬಂದು ನಿಂತು, ಉಸಿರು ಹಿಡಿಯುವ ತನಕ ಕಾದು, ಸಾಯಿರಾಳ ಕೈಯ ಹಲಗೆಯತ್ತ ಬೊಟ್ಟು ಮಾಡಿ, ಯಾರ್ಯಾರ ಹೆಸರಿದೆ ಎಂದು ಕೇಳಿದಳು. ಸಾಯಿರಾ ಓದಿದಳು. ಡೋರೀನ್ ತಮ್ಮನನ್ನು ನೋಡಿ ತಲೆಯಾಡಿಸಿದಳು. ಸಿಟ್ಟಿರಲಿಲ್ಲ, ಸುಸ್ತಿತ್ತು.

“ಲಾರಿ ತಾನಾಗೇ ಓಡ್ತಾ ಕಣೋ?”

ಅವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಮೈಯೆಲ್ಲ ಬಿಸಿಯಾಯಿತು. ಅಪ್ಪನಿಗೆ ಲಾರಿ ಓಡಿಸಲು ಬರುತ್ತಿರಲಿಲ್ಲ, ಅವನಿಗೂ ಆಗ ಬರುತ್ತಿರಲಿಲ್ಲ. ಇಲ್ಕ್ಲಿಗೆ, ಹ್ಯಾರೋಗೇಟಿಗೆ, ಎಲ್ಲ ಕಡೆಗೂ ಹೋಗುವಾಗ ಸ್ಟಿಯರಿಂಗ್ ಹಿಡಿದು ಕೂತದ್ದು ಇಪ್ಪತ್ನಾಲ್ಕರ ಡೋರೀನ್. ಇಡೀ ದಿನ ಸೀಟಿನಲ್ಲಿ ಕಾದು ಸಂಜೆ ವಾಪಸ್ಸು ಕರೆತರುತ್ತಿದ್ದವಳು. ಇಷ್ಟು ವರ್ಷ ಒಬ್ಬನೇ ಕೂತು ಆ ದಿನಗಳನ್ನು ಕೆದಕುವಾಗ ಅವನು ಅವಳನ್ನು ಉಳಿಸಲೆಂದು ಬಿಟ್ಟದ್ದಲ್ಲ. ಅವಳು ಅವನಿಗೆ ನೆನಪಿಗೇ ಬಂದಿರಲಿಲ್ಲ. ತಪ್ಪಿನಲ್ಲಿ ಕೂಡ ಅವಳಿಗೆ ಜಾಗ ಕೊಟ್ಟಿರಲಿಲ್ಲ. ಡೋರೀನ್, ಎಂದು ಬಾಯಿ ತೆರೆದ. ಅವಳು ಕೈಯೆತ್ತಿ ಸುಮ್ಮನಿರಿಸಿದಳು.

“ಒಂದು ಗುಣೀಲಿ ಒಂದು ಹಕ್ಕಿ ಮೊಟ್ಟೆ ಇತ್ತು,” ಎಂದಳು ಸಾಯಿರಾಗೆ. “ಕಲ್ಲಿನ ಜೊತೆ ಅದನ್ನೂ ಹೊತ್ಕೊಂಡ್ ಬಂದಿದ್ರು, ಇವರಿಬ್ರಿಗೂ ಕಾಣಿಸ್ಲಿಲ್ಲ. ನಾನು ನೋಡ್ದೆ. ಯಾರಿಗೂ ಹೇಳ್ದೆ ಬೇಗ ಬೇಗ ಗಾಡಿ ಬಿಟ್ಟೆ. ಬರ್ಕೋಮ್ಮ. ಡೋರೀನ್.”

ಸಾಯಿರಾ ಪೆನ್ನು ಎತ್ತಿ, ಥ್ಯಾಕ್ರೆ ಎಂದು ಬರೆಯಬೇಕೇ, ಮದುವೆಯಾದ ಮೇಲಿನ ಮನೆತನದ ಹೆಸರು ಅದೇ ಅಲ್ಲವೇ ಎಂದು ಕೇಳಿದಳು.

“ಆಗ ನಾನಿನ್ನೂ ಸಂಟರ್. ಸಂಟರ್ ಅಂತಲೇ ಬರಿ.”

ಸಾಯಿರಾ ಬರೆದಳು. ಗಾಳಿ ಹಾಳೆಯ ಮೂಲೆಯನ್ನು ಎತ್ತುತ್ತಿತ್ತು, ಹೆಬ್ಬೆರಳಿನಿಂದ ಒತ್ತಿ ಹಿಡಿದು ಬರೆದಳು. ಇನ್ನೂ ಉದ್ದಕ್ಕೂ ಅಳೆಯುವುದಿತ್ತು, ಬಡಗಣ ಬದಿ ಪೂರ್ತಿ ಬಾಕಿ ಇತ್ತು. ನೆವಿಲ್ ಟೇಪಿನ ತುದಿಯನ್ನು ಅಕ್ಕನ ಕೈಗೆ ಕೊಟ್ಟ, ಇಲ್ಲೇ ನಿಂತು ಬಿಗಿಯಾಗಿ ಹಿಡಿದುಕೋ ಎಂದ. ಅವಳು ಚರ್ಚಿನ ಕೋಟಿನಲ್ಲೇ ಒಂದು ಮಂಡಿಯೂರಿ, ಟೇಪನ್ನು ಕಲ್ಲಿಗೆ ಒತ್ತಿ ಹಿಡಿದಳು. ಅವನು ಸುರುಳಿ ಬಿಚ್ಚಿಕೊಳ್ಳುತ್ತ ನಡೆದ.